ಮಂಚದ ಕೆಳಗಿನ ಸಮುದ್ರ

ನನ್ನ ಎಡಗಣ್ಣು ಹುಟ್ಟಿನಿಂದಲೇ ಸೋಮಾರಿ. ಬೆಳಕು ಯಾವುದು, ನೆರಳು ಯಾವುದು, ಎದುರಿಗಿರುವುದು ಮನುಷ್ಯನೋ ಬೀರುವೋ ಎನ್ನುವಷ್ಟು ಹೇಳುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಅದಕ್ಕೆ ಬೇಜಾರು. ಇಷ್ಟು ವರ್ಷ ನಾನು ಓದಿದ್ದು, ವಿಮಾ ಆಫೀಸಿನಲ್ಲಿ ಫೈಲು ನೋಡಿದ್ದು, ಶನಿವಾರ ಮಧ್ಯಾಹ್ನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಏನನ್ನೂ ಕೊಳ್ಳದೆ ಅಂಗಡಿಯಿಂದ ಅಂಗಡಿಗೆ ಸೀರೆ ನೋಡುತ್ತ ತಿರುಗಿದ್ದು, ಜನರ ಮುಖದಲ್ಲಿ ಸುಳ್ಳು ಹಿಡಿದದ್ದು ಎಲ್ಲವೂ ಬಲಗಣ್ಣಿನ ದುಡಿಮೆ. ಎರಡೆತ್ತಿನ ಗಾಡಿಯನ್ನು ಒಂದೇ ಎತ್ತು ಎಳೆದ ಹಾಗೆ. ಆ ಎತ್ತೂ ಹೋದ ವರ್ಷ ಕಾಲು ಮಡಚಿ ಕೂತುಬಿಟ್ಟಿತು.

ಮೊದಲು ಕಪ್ಪು ನೊಣಗಳು ಬಂದವು. ಆಫೀಸಿನಲ್ಲಿ ಕೈ ಬೀಸಿ ಓಡಿಸಲು ನೋಡಿದೆ. ಪಕ್ಕದವರು, “ಯಾಕ್ ಮೇಡಂ, ಸೊಳ್ಳೇನಾ?” ಎಂದರು. ಆಮೇಲೆ ಮೂಲೆಯಿಂದ ಒಂದು ಪರದೆ ಏರತೊಡಗಿತು. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಎದುರು ಸೀಟಿನವಳ ಜಡೆ ಅರ್ಧ ಕಾಣೆಯಾಗಿತ್ತು. ಮಾರನೆಯ ದಿನವೇ ಇಂದಿರಾನಗರದ ಒಂದು ಕಣ್ಣಾಸ್ಪತ್ರೆಯಲ್ಲಿ ನನ್ನನ್ನು ಮಲಗಿಸಿ ಆಪರೇಷನ್ ಮಾಡಿದರು.

“ಕಣ್ಣಿನ ಹಿಂದಿನ ಪದರ ಗೋಡೆ ಬಿಟ್ಟು ಬಂದಿತ್ತು. ಅಂಟಿಸಿದೀನಿ,” ಎಂದರು ಡಾಕ್ಟರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ದನಿ ಮಾತ್ರ ಹೆಡ್ಮಿಸ್ಟ್ರೆಸ್ಸಿನದು. “ಒಳಗೆ ಒಂದು ಗ್ಯಾಸ್ ಬಬಲ್ ಬಿಟ್ಟಿದೀನಿ. ಅದು ಯಾವಾಗ್ಲೂ ಮೇಲಕ್ಕೇ ಹೋಗೋದು. ನೀವು ಮುಖ ಕೆಳಗೆ ಹಾಕ್ಕೊಂಡಿದ್ರೆ ಅದು ಹಿಂದಕ್ಕೆ ಹೋಗಿ ಆ ಪದರಾನ ಒತ್ತಿ ಹಿಡ್ಕೊಳತ್ತೆ. ಮುಖ ಎತ್ತಿದ್ರೆ ಬಬಲ್ ಜಾರ್ಕೊಳತ್ತೆ. ನನ್ನ ಅರ್ಧ ಕೆಲಸ ಮುಗೀತು, ಇನ್ನರ್ಧ ನಿಮ್ದು. ಹತ್ತು ದಿನ. ಊಟಕ್ಕೂ ಹಾಗೇ, ನಿದ್ದೆಗೂ ಹಾಗೇ.”

“ಎತ್ತಿದ್ರೆ?”

“ಇನ್ನೊಂದು ಕಣ್ಣು ನಿಮಗಿಲ್ವಲ್ಲ ಮೇಡಂ,” ಎಂದಷ್ಟೇ ಹೇಳಿ ಅವರು ಮುಂದಿನ ಪೇಷಂಟನ್ನು ಕರೆದರು.

ನಾನು ಸುಮ್ಮನೆ ಒಂದೆಡೆ ಇರುವ ಜೀವವಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಂತವಳಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಚೆಲ್ಲುವುದು ಜಾಸ್ತಿ. ಹತ್ತು ದಿನ ನೆಲ ನೋಡಿಕೊಂಡಿರಬೇಕು ಎಂದಾಗ ನಮ್ಮವರು ನನ್ನ ಕಡೆ ನೋಡಿದ ರೀತಿ ನನಗೆ ಕಾಣದಿದ್ದರೂ ಗೊತ್ತಾಯಿತು. ನನಗೆ ಭಯವಾಗಿತ್ತು. ಕುರುಡಿಯಾಗುವ ಭಯ ದೊಡ್ಡದು. ಆದರೆ ಆ ಹೊತ್ತಿಗೆ ನನ್ನ ಮೇಲೆ ನನಗೇ ಇದ್ದ ಅಪನಂಬಿಕೆ ಅದಕ್ಕಿಂತ ದೊಡ್ಡದಾಗಿತ್ತು.

ನಮ್ಮ ಮನೆ ಹಲಸೂರಿನಲ್ಲಿ, ಮರ್ಫಿ ಟೌನಿಗೆ ತಿರುಗುವ ಒಂದು ಇಕ್ಕಟ್ಟು ರಸ್ತೆಯಲ್ಲಿ. ಮಾವನವರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಕ್ವಾರ್ಟರ್ಸ್ ಬಿಟ್ಟು ಬರುವಾಗ ತಂದಿದ್ದ ಕಬ್ಬಿಣದ ಮಂಚವೊಂದು ಅಟ್ಟದಲ್ಲಿತ್ತು. ಹಲಗೆಯ ಬದಲು ಅಗಲವಾದ ನವಾರು ಪಟ್ಟಿ ಹೆಣೆದದ್ದು. ಮುಖ ಕೆಳಗೆ ಮಾಡಿಕೊಂಡಿರಬೇಕಾದವರಿಗೆ ಬಾಡಿಗೆಗೆ ಕುರ್ಚಿ ಸಿಗುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. “ನಮ್ಮನೇಲಿ ಮಂಚ ಇಲ್ವಾ?” ಎಂದು ಅತ್ತೆ ಕೇಳಿದ್ದೇ ತಡ, ನಮ್ಮವರು ಅದನ್ನು ಇಳಿಸಿ, ತಲೆಯ ಕಡೆ ನಾಲ್ಕಾರು ಪಟ್ಟಿ ಬಿಚ್ಚಿ, ಮುಖ ಹಿಡಿಸುವಷ್ಟು ಕಂಡಿ ಮಾಡಿದರು. ಸುತ್ತ ಹಳೆಯ ಪಂಚೆ ಸುತ್ತಿದರು. ನಾನು ಆ ಕಂಡಿಯಲ್ಲಿ ಮುಖ ಇಟ್ಟೆ.

ಕೆಳಗೆ ಮೊಸಾಯಿಕ್ ನೆಲ. ಮೂವತ್ತು ವರ್ಷ ಗುಡಿಸಿ ಒರೆಸಿದ ನೆಲವನ್ನು ನಾನು ನೋಡೇ ಇರಲಿಲ್ಲ. ಬಲಗಣ್ಣಿಗೆ ಪಟ್ಟಿ, ಎಡಗಣ್ಣಿನ ಮಂಜು. ಆ ಮಂಜಿನಲ್ಲಿ ಹಸಿರು, ಕಪ್ಪು, ಬಿಳಿ ಕಲ್ಲಿನ ಚೂರುಗಳು ನಿಧಾನವಾಗಿ ಈಜಾಡಿದವು. ಮನೆಯವರೆಲ್ಲ ಪಾದಗಳಾದರು. ನಮ್ಮವರದು ಚಪ್ಪಟೆ ಪಾದ, ಅತ್ತೆಯದು ಬೆಳ್ಳಿ ಕಾಲುಂಗುರವಿಲ್ಲದ ಸಣ್ಣ ಬಿಳಿ ಪಾದ. ಹೊರಗೆ ಸೊಪ್ಪಿನವಳು ತಮಿಳಿನಲ್ಲಿ ಕೀರೆ ಎಂದು ಕೂಗುತ್ತ ಹೋಗುತ್ತಿದ್ದಳು. ದೂರದ ಮಸೀದಿಯ ಬಾಂಗು ಬಂದು, ಅದು ಮುಗಿದ ಮೇಲೆ ಚರ್ಚಿನ ಗಂಟೆ ಬಂದು, ಎಲ್ಲವೂ ಮೇಲಿನಿಂದ, ನೀರಿನ ಮೇಲಿನಿಂದ ಕೇಳಿದ ಹಾಗೆ ಕೇಳುತ್ತಿತ್ತು.

ಅತ್ತೆಗೆ ಎಂಬತ್ತು ದಾಟಿತ್ತು. ನಾವಿಬ್ಬರೂ ಮದುವೆಯಾದಾಗಿನಿಂದ ಕಾವೇರಿ ನೀರಿನ ಎರಡು ರಾಜ್ಯಗಳ ಹಾಗೆ ಬದುಕಿದವರು. ಜಗಳ ಎಂದೂ ಮುಗಿಯದಿದ್ದರೂ ನೀರು ಹರಿಯುವುದು ನಿಂತಿರಲಿಲ್ಲ. ಮೊದಲನೆಯ ದಿನ ನಾನು ತೂಕಡಿಸಿ ಮಗ್ಗುಲಾಗಲು ಹೊರಟದ್ದನ್ನು ಅವರು ನೋಡಿದರು. ಕುರ್ಚಿ ಎಳೆದುಕೊಂಡು ಬಂದು ಕೂತರು.

“ನೀನು ಹಗಲು ಹೊತ್ತು ನಿದ್ದೆ ಮಾಡ್ಬೇಡ. ಕಥೆ ಹೇಳ್ತೀನಿ. ಹೂಂಗುಡ್ತಾ ಇರು. ಹೂಂ ನಿಂತ್ರೆ ನಿದ್ದೆ ಬಂತು ಅಂತ ತಿಳ್ಕೊಂಡು ತಟ್ತೀನಿ.”

ಹೂಂಗುಡುವುದು ನಮ್ಮಲ್ಲಿ ಕಥೆ ಕೇಳುವವರ ಬಾಡಿಗೆ. ಅದು ನಿಂತರೆ ಹೇಳುವವರೂ ನಿಲ್ಲುತ್ತಾರೆ. ಅತ್ತೆ ಆರಿಸಿಕೊಂಡದ್ದು ಸಮುದ್ರಮಥನ, ಏಕೆಂದರೆ ಅದು ಉದ್ದ. ದೇವತೆಗಳು ಶಕ್ತಿ ಕಳೆದುಕೊಂಡದ್ದು, ಅಸುರರ ಜೊತೆ ಒಪ್ಪಂದ, ಮಂದರ ಬೆಟ್ಟವನ್ನು ಕಡಗೋಲು ಮಾಡಿ ವಾಸುಕಿಯನ್ನು ಹಗ್ಗ ಮಾಡಿದ್ದು. ಬೆಟ್ಟ ಮುಳುಗಿತು, ವಿಷ್ಣು ಆಮೆಯಾಗಿ ಕೆಳಗೆ ಹೋಗಿ ಬೆನ್ನು ಕೊಟ್ಟ, ಮಥನ ಶುರುವಾಯಿತು, ಮೊದಲು ಬಂತು ವಿಷ ಎಂದು ಅವರು ಕಥೆ ಓಡಿಸಿದರು.

“ಅತ್ತೆ, ಸ್ವಲ್ಪ ನಿಲ್ಲಿ. ಆಮೆ ಎಲ್ಲಿ?”

“ಎಲ್ಲಿ ಅಂದ್ರೆ? ಕೆಳಗೆ.”

“ಕೆಳಗೆ ಏನ್ಮಾಡ್ತಿದೆ?”

“ಏನ್ಮಾಡತ್ತೆ, ಹೊತ್ಕೊಂಡಿರತ್ತೆ. ಬೆಟ್ಟ ತಿರುಗಿದ್ದು ಅದಕ್ಕೆ ಬೆನ್ನು ತುರಿಸಿದ ಹಾಗೆ ಹಿತವಾಗಿತ್ತಂತೆ. ಹಾಗಂತ ಪುರಾಣದಲ್ಲೇ ಇದೆ.”

“ಅದನ್ನ ಬರ್ದೋರು ದಡದ ಮೇಲಿದ್ದೋರು,” ಎಂದೆ. ನನ್ನ ಕತ್ತು ಆಗಲೇ ಸೀಳಿಹೋಗುವ ಹಾಗೆ ನೋಯುತ್ತಿತ್ತು.

“ಅವನು ದೇವರು ಕಣೇ. ದೇವರಿಗೆ ಕತ್ತು ನೋವು ಬರತ್ತಾ?”

“ಆಮೆಯಾಗಿ ಬಂದ್ಮೇಲೆ ಕತ್ತೂ ಆಮೇದೇ ತಾನೇ.”

 ಅತ್ತೆಯ ಪಾದದ ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು. ಸಿಟ್ಟು ಬಂದಾಗ ಹಾಗೆ. “ಸರಿ, ಅಷ್ಟು ಗೊತ್ತಿದ್ರೆ ನೀನೇ ಹೇಳು,” ಎಂದರು.

ಹೀಗೆ ಕಥೆ ನನ್ನ ಕೈಗೆ ಬಂತು. ನನಗೆ ಕಥೆ ಕಟ್ಟಿ ಅಭ್ಯಾಸವಿಲ್ಲ. ಆದರೆ ನೆಲದ ಮಟ್ಟದಲ್ಲಿ ಮುಖವಿಟ್ಟು ಮಲಗಿದವಳಿಗೆ ಆಮೆಯ ಕಡೆಯ ಕಥೆ ತಾನಾಗಿ ಬರುತ್ತದೆ.

ಆಮೆಗೆ ಮೊದಲು ಬಂದದ್ದು ನೆರಳು ಎಂದು ಹೇಳಿದೆ. ಹಾಲಿನ ಸಮುದ್ರ ಮೇಲಿನವರಿಗೆ ಬೆಳ್ಳಗೆ. ತಳದಲ್ಲಿ ಅದು ಬೆಳಗಿನ ಜಾವದ ಬಣ್ಣ. ಆ ಬೂದಿ ಬೆಳಕಿನಲ್ಲಿ ಆಮೆ ತನ್ನಷ್ಟಕ್ಕೆ ಇತ್ತು. ಒಂದು ದಿನ ಮೇಲಿನ ಬೆಳಕಿಗೆ ಕಪ್ಪು ತೂತು ಬಿದ್ದು, ಅದು ಅಗಲವಾಗುತ್ತ ಆಗುತ್ತ ಕೆಳಗಿಳಿಯಿತು. ಬೆಟ್ಟ ಒಂಟಿಯಾಗಿ ಬಂದಿರಲಿಲ್ಲ. ಕಿತ್ತು ತಂದವರು ಅದರ ಮೇಲಿನದನ್ನು ಇಳಿಸಲು ಪುರಸೊತ್ತು ಮಾಡಿಕೊಂಡಿರಲಿಲ್ಲ. ಮರಗಳಿದ್ದವು, ಜೇನುಗೂಡುಗಳಿದ್ದವು, ಹಾರಿ ತಪ್ಪಿಸಿಕೊಳ್ಳಲಾಗದ ಜಿಂಕೆಗಳಿದ್ದವು, ಒಂದು ಸಣ್ಣ ಸಿಹಿನೀರಿನ ಝರಿಯಿತ್ತು. ಆ ಝರಿ ಹಾಲಿನೊಳಗೂ ಹರಿಯುತ್ತಲೇ ಇತ್ತು. ಆಮೆ ತನ್ನ ಜೀವಮಾನದಲ್ಲಿ ಮೊದಲ ಸಲ ತಣ್ಣನೆಯ ನೀರಿನ ರುಚಿ ನೋಡಿತು. ಆಮೇಲೆ ಭಾರ ಬಂತು. ಭಾರ ಬಂದ ಮೇಲೆ ರುಚಿಯ ಯೋಚನೆ ಇರಲಿಲ್ಲ.

“ಹೂಂ,” ಎಂದರು ಅತ್ತೆ, ತಮಗೆ ತಿಳಿಯದೆಯೇ.

ಬೆಟ್ಟ ತಿರುಗತೊಡಗಿತು. ಎಡಕ್ಕೆ, ನಿಂತು, ಬಲಕ್ಕೆ. ಮೇಲೆ ಎರಡು ಪಕ್ಷಗಳಿವೆ ಎಂದು ಆಮೆಗೆ ಗೊತ್ತಾದದ್ದು ಎಳೆತದಿಂದ. ಒಂದು ಕಡೆಯವರು ನಯವಾಗಿ ಎಳೆಯುತ್ತಿದ್ದರು, ಇನ್ನೊಂದು ಕಡೆಯವರು ಜಗ್ಗುತ್ತಿದ್ದರು.

“ನಯವಾಗಿ ಎಳೆದೋರು ದೇವತೆಗಳು ತಾನೇ?”

“ಆಮೆಗೆ ಗೊತ್ತಿಲ್ಲ ಅತ್ತೆ.”

“ಅದೆಂಥ ಕಥೆ, ಯಾರು ಒಳ್ಳೆಯೋರು ಅಂತ ಗೊತ್ತಿಲ್ದೆ ಇರೋ ಕಥೆ,” ಎಂದು ಅವರು ಎದ್ದು ಹೋದರು. ಸಂಜೆ ಕಾಫಿಯನ್ನು ಸ್ಟ್ರಾ ಹಾಕಿ ತಂದುಕೊಟ್ಟಾಗ, “ಆಮೇಲೆ ಏನಾಯ್ತು?” ಎಂದು ಕೇಳಿದರು.

ದಿನಗಳು ಒಂದರೊಳಗೊಂದು ಕರಗಿದವು. ಆಗಾಗ ಮೆಟ್ರೋ ಹೋಗುತ್ತಿತ್ತು. ನಿಂತು ಓಡಾಡುವವರಿಗೆ ಅದರ ಸದ್ದಷ್ಟೇ. ಮಂಚದ ಕಬ್ಬಿಣಕ್ಕೆ ಮೈ ಕೊಟ್ಟವಳಿಗೆ ಅದು ಮೂಳೆಯೊಳಗೆ ಬರುತ್ತಿತ್ತು. ದೂರದಿಂದ ಏರಿ, ನನ್ನ ಬೆನ್ನಿನ ಮೇಲೆ ಹಾದು, ಇಂದಿರಾನಗರದ ಕಡೆ ಇಳಿದುಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಿರುಗಿ ಬರುತ್ತಿತ್ತು. ಎಡಕ್ಕೆ, ನಿಂತು, ಬಲಕ್ಕೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಾಗ ಮೊಸಾಯಿಕ್ ಚೂರುಗಳು ನಡುಗಿ ಹೊಳೆದು, ನನ್ನ ಕೈಕಾಲುಗಳು ಚಿಕ್ಕದಾಗಿ, ಅಗಲವಾಗಿ, ನನಗೆ ಸೇರಿದವಲ್ಲ ಎನ್ನಿಸುತ್ತಿದ್ದವು. ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಭಯ ಇರಲಿಲ್ಲ. ನಾನು ಅಷ್ಟು ಸುಮ್ಮನೆ ಇರಬಲ್ಲೆ ಎಂದು ಮೊದಲ ಬಾರಿ ತಿಳಿದು, ಒಳಗೊಳಗೇ ಬೀಗುತ್ತಿದ್ದೆ.

ಬೀಗಿದವರಿಗೆ ಆಗುವುದೇ ನನಗೂ ಆಯಿತು.

ನಮ್ಮ ಭಾವನವರು, ಅಂದರೆ ನಮ್ಮವರ ಅಣ್ಣ, ಕೆ.ಆರ್. ಪುರಂನಲ್ಲಿದ್ದಾರೆ. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅವರಿಗೊಂದು ಪದ್ಧತಿ ಇದೆ: ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತು ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ಒಳಗಿರುವ ಹೆಂಗಸರು ಸೆರಗು ಸರಿಪಡಿಸಿಕೊಂಡು ಏಳಲಿ ಎಂದು. ಹಿಂದಿನ ಕಾಲದ ಮರ್ಯಾದೆ. ನಾನು ಮದುವೆಯಾಗಿ ಬಂದ ವಾರದಿಂದ ಆ ಕೆಮ್ಮು ಕೇಳಿದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ನಿಲ್ಲುತ್ತೇನೆ. ಜ್ವರ ಬಂದಾಗಲೂ ಎದ್ದಿದ್ದೇನೆ, ಬಸುರಿಯಾಗಿದ್ದಾಗಲೂ ಎದ್ದಿದ್ದೇನೆ. ಭಾವನವರ ಎದುರು ಮಲಗಿಕೊಂಡಿರುವುದು ನನ್ನ ಮೈಗೇ ಗೊತ್ತಿಲ್ಲ.

ಒಂದು ಬೆಳಿಗ್ಗೆ ಅವರು ನನ್ನನ್ನು ನೋಡಲು ಮೆಟ್ರೋದಲ್ಲಿ ಬಂದರು. ಅತ್ತೆ ಸ್ನಾನಕ್ಕೆ ಹೋಗಿದ್ದರು, ನಮ್ಮವರು ಹಾಲು ತರಲು ಹೋಗಿದ್ದರು. ಬಾಗಿಲಲ್ಲಿ ಕೆಮ್ಮಿದರು.

ನಾನು ಎದ್ದೆ. ಸೆರಗು ಎಳೆದುಕೊಂಡೆ. ಮುಖ ಎತ್ತಿ, “ಬನ್ನಿ ಭಾವ, ಕೂತ್ಕೊಳಿ,” ಎಂದೆ. ಹೇಳಿ ಮುಗಿಸಿದ ಮೇಲೆ, ನೆಲವಿರಬೇಕಾದ ಕಡೆ ಗೋಡೆಯ ಬಿಳುಪು ಕಂಡಿತು. ಪಟ್ಟಿಯ ಒಳಗೆ ಏನೋ ತೊನೆದಾಡಿ ಜಾರಿದ ಹಾಗಾಯಿತು. ಭಾವನವರು ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿರಬೇಕು. “ಅಮ್ಮಾ, ನೀನು ಏಳಬಾರದಿತ್ತಲ್ಲಮ್ಮ,” ಎಂದರು, ಬಹಳ ಮೆಲ್ಲಗೆ.

ಫೋನಿನಲ್ಲಿ ಡಾಕ್ಟರು, “ಒಂದ್ಸಲ ಎದ್ರೆ ಹಾಳಾಗತ್ತೆ ಅಂತಾನೂ ಹೇಳಲ್ಲ, ಆಗಲ್ಲ ಅಂತಾನೂ ಹೇಳಲ್ಲ. ಮತ್ತೆ ಮಲಗ್ಸಿ. ಚೆಕಪ್ ದಿನ ನೋಡೋಣ,” ಎಂದರು. ನಾನು ಮತ್ತೆ ಕಂಡಿಯಲ್ಲಿ ಮುಖವಿಟ್ಟೆ. ಭಾವನವರು ಕಾಫಿ ಕುಡಿಯದೆ ಹೊರಟುಹೋದರು. ಅತ್ತೆ ಒದ್ದೆ ಸೀರೆಯಲ್ಲೇ ಬಂದು ತಮ್ಮ ಹಿರಿಯ ಮಗನನ್ನು ಬಾಗಿಲಿನವರೆಗೂ ಬೈದರು. ಆ ಪಾದಗಳು ತಲೆ ತಗ್ಗಿಸಿಕೊಂಡೇ ಹೋದ ಹಾಗೆ ನನಗೆ ಅನ್ನಿಸಿತು.

ಅಲ್ಲಿಂದ ಮುಂದೆ ನಾನು ಮಾತು ಬಿಟ್ಟೆ. ಅತ್ತೆ ಕಥೆ ಕೇಳಿದರೆ ತುಟಿಯಲ್ಲೇ ಏನೋ ಹೇಳುತ್ತಿದ್ದೆ. ಕಣ್ಣು ಹೋಯಿತು ಎಂದು ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಗೌರವ ಕೊಡಲು ಹೋಗಿ ಕುರುಡಿಯಾದವಳು ಎಂದು ನನ್ನನ್ನೇ ಹೀಯಾಳಿಸಿಕೊಂಡೆ. ಹೀಗಿರುವಾಗ ಇನ್ನು ಮುಖ ಕೆಳಗೆ ಹಾಕಿಕೊಂಡು ಏನು ಪ್ರಯೋಜನ, ಎದ್ದುಬಿಡೋಣ ಎನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ.

“ಏನಂದೆ?” ಎಂದರು ಅತ್ತೆ. ಅವರ ಒಂದು ಕಿವಿ ಮಂದ, ಮೇಲಾಗಿ ನನ್ನ ಬಾಯಿ ನೆಲದ ಕಡೆಗಿತ್ತು. ಇನ್ನೊಮ್ಮೆ ಹೇಳಿದೆ. ಕೇಳಿಸಲಿಲ್ಲ. ಕುರ್ಚಿ ಸರಿದ ಸದ್ದಾಯಿತು. ಚಾಪೆ ಬಿಚ್ಚಿದ ಸದ್ದು. ಉಸಿರು ಬಿಡುತ್ತ, ದೇವರ ಹೆಸರು ಹೇಳುತ್ತ ಯಾರೋ ನೆಲದ ಮೇಲೆ ತೆವಳಿದರು. ಮೊಸಾಯಿಕ್ಕಿನ ಮೇಲೆ, ನನ್ನ ಮುಖಕ್ಕೆ ನೇರವಾಗಿ, ಒಂದು ಬಿಳಿ ಮಂಜು ಬಂದು ನಿಂತಿತು. ಅದರ ನಡುವೆ ಕೆಂಪಗೆ ಚುಕ್ಕಿಯಷ್ಟು ಬಣ್ಣ. ಅಂಗಾತ ಮಲಗಿದ ಅತ್ತೆಯ ಮುಖ, ಮಾವನವರು ಹೋದ ಮೇಲೂ ಅವರು ಬಿಡದ ಕುಂಕುಮ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ನಾನು ಸಂಕೋಚದಿಂದ ಹಿಡಿಯಾದೆ. ಅತ್ತೆ ನೆಲದ ಮೇಲೆ, ಸೊಸೆ ಅವರ ಮೇಲೆ. ನಮ್ಮ ಮನೆಯಲ್ಲಿ ಅತ್ತೆಯ ಹಾಸಿಗೆಯನ್ನು ದಾಟಿದವರಿಲ್ಲ.

“ಅತ್ತೆ, ಏಳಿ. ನೀವು ಕೆಳಗೆ ಮಲ್ಗಿ ನಾನು ಮೇಲೆ...”

“ಮರ್ಯಾದೆ ಕೊಟ್ಟು ಕೊಟ್ಟು ಆಗಿದ್ದು ಸಾಕು. ಈಗ ಇಟ್ಕೋ, ಆಮೇಲೆ ಕೊಡುವಂತೆ,” ಎಂದರು. “ಇಲ್ಲಿ ಚೆನ್ನಾಗಿ ಕೇಳ್ಸತ್ತೆ. ಹೇಳು, ನಿನ್ನ ಆಮೆ ಎಲ್ಲಿಗೆ ಬಂತು?”

ನಾನು ಅತ್ತುಬಿಟ್ಟೆ. ಎಡಗಣ್ಣಿನ ನೀರು ನೇರವಾಗಿ ಅವರ ಮುಖದ ಮೇಲೆ ಬಿದ್ದಿರಬೇಕು. ಅವರು ಒರೆಸಿಕೊಂಡ ಹಾಗೆ ಕಾಣಲಿಲ್ಲ. ಕಾಯುತ್ತ ಮಲಗಿದ್ದರು.

ಕಥೆ ಮುಂದುವರಿಸಿದೆ. ಈಗ ಹೇಳುವವಳು ನಾನು, ಹೂಂಗುಡುವವರು ಕೆಳಗಿನವರು. ವಿಷ ಬಂದದ್ದು ಆಮೆಗೆ ಕಾಣಲಿಲ್ಲ, ನಾಲಿಗೆಗೆ ಕಹಿಯಾಯಿತು ಅಷ್ಟೇ. ಮೇಲೆ ಯಾರೋ ಅದನ್ನು ಕುಡಿದು ಪುಣ್ಯ ಕಟ್ಟಿಕೊಂಡರು. ಆಮೇಲೆ ಒಂದೊಂದೇ ಬರತೊಡಗಿದವು. ಮೇಲಿನವರು “ಬಂತು” ಎಂದು ಕೂಗಿದಾಗಲೆಲ್ಲ ಆಮೆ “ಹೋಯಿತು” ಎಂದುಕೊಂಡಿತು. ಬಿಳಿ ಕುದುರೆ ಹೋಯಿತು. ಅದು ರಾತ್ರಿಯೆಲ್ಲ ತಳದ ಮರಳಿನಲ್ಲಿ ಓಡುವ ಸದ್ದು ಆಮೆಗೆ ಜೋಗುಳವಾಗಿತ್ತು. ಹಸು ಹೋಯಿತು, ಅದರ ಬೆಚ್ಚಗಿನ ಉಸಿರು ಹೋಯಿತು. ಪಾರಿಜಾತ ಹೋಯಿತು. ಚಂದ್ರ ಹೋದ. ಅಲ್ಲಿಯವರೆಗೆ ಚಂದ್ರ ಇದ್ದದ್ದೇ ಸಮುದ್ರದ ತಳದಲ್ಲಿ. ಆ ಬೂದಿ ಬೆಳಕು ಅವನದು. ಅವನು ಮೇಲಕ್ಕೆ ಹೋದದ್ದೇ ಕೆಳಗೆ ಏನೂ ಕಾಣದಾಯಿತು. ಆಮೆ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ.

ಇಷ್ಟು ಹೇಳಿ ನಿಲ್ಲಿಸಿದೆ. ಅತ್ತೆ ಹೂಂ ಎನ್ನುವ ಬದಲು ಕೈಯೆತ್ತಿ ಕಂಡಿಯೊಳಗೆ ನನ್ನ ಗಲ್ಲ ಮುಟ್ಟಿ, “ಮುಂದಕ್ಕೆ ಹೇಳು,” ಎಂದರು.

ಮುಂದೆ ಲಕ್ಷ್ಮಿ ಹೋದಳು.

“ಸಮುದ್ರರಾಜನ ಮಗಳಲ್ವಾ ಅವಳು,” ಎಂದರು ಅತ್ತೆ. “ಮೇಲಿದ್ದೋರಿಗೆಲ್ಲ ಮದುವೆ ಸಂಭ್ರಮ. ಕೆಳಗೆ ಮನೆ ಬಿಕೋ ಅಂದಿರತ್ತೆ. ನಿನ್ನ ಮದುವೇಲಿ ನಿಮ್ಮಪ್ಪ ಛತ್ರದ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಳೋಕೆ ಆಗ್ದೆ ನಿಂತಿದ್ರು. ಯಾವ ಕಾಲಿಗೆ ಯಾವ್ದು ಅಂತ ತಿಳೀದೆ.”

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಅತ್ತೆ ಅದನ್ನು ನೋಡಿದ್ದರು ಎಂದಾಗಲಿ, ಇಷ್ಟು ಕಾಲ ಇಟ್ಟುಕೊಂಡಿದ್ದರು ಎಂದಾಗಲಿ ನನಗೆ ಗೊತ್ತೇ ಇರಲಿಲ್ಲ. ಆ ಮಧ್ಯಾಹ್ನ ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸಿದೆವು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು, ಮೇಲೊಬ್ಬಳು ಕೆಳಗೊಬ್ಬಳು, ಮೆಟ್ರೋ ಹೋಗಿ ಬರುವುದನ್ನು ಕೇಳುತ್ತ ಮಲಗಿದೆವು. ಅತ್ತೆ ಸಣ್ಣಗೆ ಗೊರಕೆ ಹೊಡೆದರು. ಕಾವಲು ಕೂತವರೇ ಮಲಗಿದರು ಎಂದು ನಗು ಬಂತು. ಆದರೆ ಅವರು ಕೆಳಗೆ ಮಲಗಿರುವಾಗ ನಾನು ಅಲ್ಲಾಡುವ ಮಾತೇ ಇರಲಿಲ್ಲ.

ಆಮೇಲೆ ಪ್ರತಿದಿನ ಊಟವಾದ ಮೇಲೆ ಅವರು ಚಾಪೆ ಹಿಡಿದು ಬರುತ್ತಿದ್ದರು. ಕೊನೆಗೂ ಅಮೃತ ಬಂತು. ಎಲ್ಲರೂ ಹಗ್ಗ ಬಿಟ್ಟು ಅದರ ಹಿಂದೆ ಓಡಿದರು. ಬೆಟ್ಟ ಕೊನೆಯ ಸಲ ಅರ್ಧ ಸುತ್ತು ತಿರುಗಿ ನಿಂತಿತು. ಸಮುದ್ರ ಖಾಲಿಯಾಗಿತ್ತು. ಆಮೆ ಕಾಯಿತು.

“ಆಮೇಲೆ?”

“ಆಮೇಲೆ ನನಗೆ ಗೊತ್ತಿಲ್ಲ ಅತ್ತೆ. ಬೆಟ್ಟ ಇಳಿಸಿದ್ದು ಯಾರು?”

ಅತ್ತೆ ಯೋಚಿಸಿದರು. “ನಮ್ಮತ್ತೆ ಈ ಕಥೆ ಹೇಳೋವಾಗ ಅಮೃತ ಹಂಚಿದಲ್ಲಿಗೆ ಮುಗಿಸ್ತಿದ್ರು. ನಾನೂ ಕೇಳ್ಲಿಲ್ಲ.”

ಮಾರನೆಯ ದಿನ ಚಾಪೆ ಹಾಸುವ ಮೊದಲೇ ಉತ್ತರ ತಂದಿದ್ದರು. “ಯಾರೂ ಬಂದು ಇಳಿಸಿರಲ್ಲ ಕಣೇ. ಅದ್ರ ಪಾಡಿಗೆ ಅದು, ಯಾರಿಗೂ ಗೊತ್ತಾಗ್ದ ಹಾಗೆ, ದಿನಕ್ಕಿಷ್ಟು ಅಂತ ಸರ್ಕೊಂಡು ಈಚೆ ಬಂದಿರತ್ತೆ. ನಾನು ಅಡಿಗೆಮನೆಯಿಂದ ಬಂದ್ನಲ್ಲ, ಹಾಗೆ.”

ಅಡಿಗೆಮನೆಯನ್ನು ನಾನು ಅವರಿಂದ ಗೆದ್ದುಕೊಂಡೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಆಫೀಸಿನಲ್ಲಿ ಆ ಜಯವನ್ನು ಹೇಳಿಕೊಂಡು ತಿರುಗಿದ್ದೂ ಉಂಟು. ಈಗ ನೋಡಿದರೆ ಅವರೇ ಸರಿದುಕೊಂಡಿದ್ದರಂತೆ. “ಹೂಂ,” ಎಂದೆ.

ಹತ್ತು ದಿನ ಮುಗಿಯಿತು. ಆಸ್ಪತ್ರೆಗೆ ಆಟೋದಲ್ಲಿ ತಲೆ ತಗ್ಗಿಸಿಕೊಂಡು ಹೋದೆ. ಆಟೋದವನು ಕನ್ನಡಿಯಲ್ಲಿ ನೋಡಿ, ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ರೇಡಿಯೋ ಆರಿಸಿದ. ಡಾಕ್ಟರು ಪಟ್ಟಿ ತೆಗೆದು, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. ನಮ್ಮವರು ನನ್ನ ಕೈ ಹಿಡಿದುಕೊಂಡಿದ್ದರು. 

“ಪದರ ಅಂಟ್ಕೊಂಡಿದೆ,” ಎಂದರು ಡಾಕ್ಟರು. “ಎಷ್ಟು ಕಾಣತ್ತೆ ಅನ್ನೋದು ಬೇರೆ ಪ್ರಶ್ನೆ. ಬಬಲ್ ಕರಗ್ತಾ ಹೋದ ಹಾಗೆ ಗೊತ್ತಾಗತ್ತೆ. ಬರೀ ಬೆಳಕಷ್ಟೇ ಬರಬಹುದು, ಓದೋಷ್ಟೂ ಬರಬಹುದು. ಈಗ ತಲೆ ಎತ್ತಿ.”

ತಲೆ ಎತ್ತಿದೆ. ಏನೂ ಕಾಣಲಿಲ್ಲ. ಬಲಗಣ್ಣಿನ ತುಂಬ ನೀರು, ಅಲ್ಲಾಡುವ ಬೂದಿ ನೀರು, ಅದರಾಚೆ ಡಾಕ್ಟರ ಬಿಳಿ ಕೋಟಿನ ಗುರುತು. ಅದು ಗಾಳಿಯ ಗುಳ್ಳೆ ಎಂದು ಅವರು ಎಷ್ಟು ಹೇಳಿದರೂ ನನಗೆ ಅದು ನೀರೇ.

ಆ ನೀರು ಇಳಿಯಲು ದಿನಗಳೇ ಬೇಕಾದವು. ಮೊದಲು ನೋಟದ ಮೇಲಂಚಿನಲ್ಲಿ ಒಂದು ಗೆರೆ ಹುಟ್ಟಿತು. ಗೆರೆಯ ಮೇಲೆ ಆಕಾಶದ ಬೆಳಕು, ಕೆಳಗೆ ಸಮುದ್ರ. ನಡೆದರೆ ಗೆರೆ ತುಳುಕುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಜಗಲಿಯಲ್ಲಿ ಕೂತು ನೋಡಿದರೆ ತಂತಿಗಳು, ಎದುರು ಮನೆಯ ನೀರಿನ ಟ್ಯಾಂಕು, ಅದರ ಮೇಲೆ ಕೂತ ಹದ್ದು ಇವಷ್ಟೇ ದಡದ ಮೇಲಿದ್ದವು. ರಸ್ತೆ, ಸ್ಕೂಟರು, ಸೊಪ್ಪಿನವಳು ಎಲ್ಲ ಮುಳುಗಿದ್ದರು. ಚಂದವಾಗಿತ್ತು ಎಂದು ಹೇಳಿದರೆ ನಮ್ಮವರಿಗೆ ಕೋಪ ಬರುತ್ತಿತ್ತು. ಆದರೆ ಚಂದವಾಗಿಯೇ ಇತ್ತು, ಭಯವೂ ಇತ್ತು. ಗೆರೆಯ ಮೇಲೆ ಕಾಣುವುದೂ ಇನ್ನೂ ಮಸುಕು, ಬಣ್ಣ ಸರಿಯಾಗಿ ಹಿಡಿಯುತ್ತಿರಲಿಲ್ಲ. ಇಷ್ಟೇ ಉಳಿದರೆ ಏನು ಮಾಡುವುದು ಎಂದು ಪ್ರತಿ ಬೆಳಿಗ್ಗೆ ಕಣ್ಣು ತೆರೆಯುವ ಮೊದಲು ಯೋಚಿಸುತ್ತಿದ್ದೆ.

ಅತ್ತೆ ದಿನಾ ಪೂಜೆ ಮುಗಿಸಿ ನನ್ನ ಎದುರು ಬಂದು ನಿಲ್ಲುತ್ತಿದ್ದರು. “ಇವತ್ತು ಎಲ್ಲೀತನಕ ಕಾಣ್ತೀನಿ?”

“ಏನೂ ಇಲ್ಲ ಅತ್ತೆ.”

ಇನ್ನೊಂದು ದಿನ, “ತಲೆಗೂದಲು ಕಾಣತ್ತೆ. ಬೈತಲೆ ಗೊತ್ತಾಗ್ತಿಲ್ಲ.”

“ಇರೋ ನಾಲ್ಕು ಕೂದಲಲ್ಲಿ ಬೈತಲೆ ನನಗೇ ಗೊತ್ತಾಗಲ್ಲ,” ಎಂದು ಹೋದರು.

ಭಾವನವರು ಆ ದಿನದಿಂದ ಬಂದಿರಲಿಲ್ಲ. ಬೆಳಿಗ್ಗೆ ಸಂಜೆ ನಮ್ಮವರಿಗೆ ಫೋನು ಮಾಡಿ, ನನ್ನ ಹೆಸರು ಹೇಳದೆ, “ಹೇಗಿದೆ?” ಎಂದಷ್ಟೇ ಕೇಳುತ್ತಿದ್ದರಂತೆ. “ಹಾಗೇ ಇದೆ,” ಎಂದರೆ ಫೋನು ಇಡುತ್ತಿದ್ದರಂತೆ.

ಒಂದು ಭಾನುವಾರ ಬಿಸಿಲು ಚೆನ್ನಾಗಿತ್ತು. ಅತ್ತೆ ಜಗಲಿಗೆ ಬಂದು, ಬಿಸಿಲಿಗೆ ಮುಖ ಕೊಟ್ಟು, ನನ್ನ ಎದುರು ಸ್ಟೂಲು ಎಳೆದುಕೊಂಡು ಕೂತರು. ಗೆರೆ ಇನ್ನಷ್ಟು ಇಳಿದಿತ್ತು. ಕೂದಲು ಕಂಡಿತು, ಬಿಳಿ, ಒಂದೊಂದು ಎಳೆಯೂ ಬೇರೆ ಬೇರೆ. ಅದರ ಕೆಳಗೆ ಹಣೆಯ ಗೆರೆಗಳು. ಅದರ ಕೆಳಗೆ, ಕುಂಕುಮದ ಪಕ್ಕದಲ್ಲಿ, ಏನೋ ಇತ್ತು. ಕೊಳೆ ಎಂದುಕೊಂಡು ಕೈ ಚಾಚಿದೆ. ಅವರು ಹಿಂದಕ್ಕೆ ಸರಿದರು.

“ಹಣೆ ಮೇಲೆ ಏನತ್ತೆ ಅದು?”

“ಏನು ಕಾಣತ್ತೆ?”

“ಊದ್ಕೊಂಡಿದೆ. ನೀಲಿಗಟ್ಟಿದೆ. ಸುತ್ತ ಹಳದಿ, ಅರಿಶಿನ ಹಚ್ಚಿದೀರಾ? ಈ ಕಡೆ ಇನ್ನೊಂದಿದೆ. ಇದು ಹಳೇದು, ಹಸಿರಾಗಿದೆ.”

“ಎರಡೂ ಕಾಣತ್ತಾ?” ಎಂದರು ಅತ್ತೆ. “ಹಸಿರೂ ಕಾಣತ್ತಾ?”

ನಮ್ಮವರು ಬಾಗಿಲಲ್ಲಿ ಪೇಪರು ಹಿಡಿದು ನಿಂತಿದ್ದರು. “ಮಂಚದ ಕಬ್ಬಿಣ,” ಎಂದರು. “ಕೆಳಗಿಂದ ಏಳೋವಾಗೆಲ್ಲ ಹೊಡ್ಸ್ಕೊಳೋರು. ಅಂಗೈಯಲ್ಲಿ ಒತ್ಕೊಂಡು ಸದ್ದಿಲ್ದೆ ಈಚೆ ಬರೋರು. ನಿಂಗೆ ಹೇಳ್ಬೇಡ ಅಂದಿದ್ರು, ಹೇಳಿದ್ರೆ ಎದ್ಬಿಡ್ತಾಳೆ ಅಂತ.”

ನಾನು ಆ ಹಣೆಯನ್ನೇ ನೋಡಿದೆ. ನೀಲಿ, ಹಳದಿ, ಹಸಿರು. ನನ್ನ ಕಣ್ಣು ಮರಳಿ ಕೊಟ್ಟ ಮೊದಲ ಬಣ್ಣಗಳು ಅವು. ಸಂತೋಷ ಪಡುವುದೋ ಅವರ ಕಾಲಿಗೆ ಬೀಳುವುದೋ ತಿಳಿಯದೆ ಅಳತೊಡಗಿದೆ. ಇನ್ನು ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅತ್ತೆ ನನ್ನ ಭುಜ ಹಿಡಿದು ನೆಟ್ಟಗೆ ಕೂರಿಸಿದರು.

“ಅಳಬೇಡ, ಡ್ರಾಪ್ಸ್ ಹಾಕಿ ಇನ್ನೂ ಹೊತ್ತಾಗಿಲ್ಲ,” ಎಂದು, ಮಗನ ಕೈಲಿ ಕೆ.ಆರ್. ಪುರಂಗೆ ಫೋನು ಮಾಡಿಸಿ ಇಸಿದುಕೊಂಡರು. ಕಿವಿ ಮಂದವಾದವರು ಫೋನಿನಲ್ಲಿ ಮಾತಾಡುವುದು ಇಡೀ ಬೀದಿಗೆ ಕೇಳಿಸುತ್ತದೆ.

“ಕಣ್ಣು ಬಂತು ಕಣೋ. ನನ್ನ ಹಣೇಲಿ ಎರಡು ಗಾಯ ಇದೆಯಂತೆ. ಒಂದು ನೀಲಿ, ಒಂದು ಹಸಿರು. ಹ್ಞಾಂ, ಅವಳೇ ನೋಡಿ ಹೇಳಿದ್ದು.”

ಆ ಕಡೆಯಿಂದ ಭಾವನವರು ಏನು ಹೇಳಿದರೋ ಗೊತ್ತಿಲ್ಲ. ಅತ್ತೆ ಬಹಳ ಹೊತ್ತು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದರು. ಬಿಸಿಲಲ್ಲಿ ಅವರ ಹಣೆ ಹೊಳೆಯುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಕಣ್ಣು, ಬಾಯಿ ಇನ್ನೂ ನೀರಿನೊಳಗಿದ್ದವು.